1,206 ಮಂದಿ

ಮೆಲ್ಬರ್ನ್ ನಗರದ ಉತ್ತರಕ್ಕೆ ಬುಂಡೂರಾ ಅಂತ ಒಂದು ಬಡಾವಣೆ. ಹೊಸದಾಗಿ ಬಂದ ಕನ್ನಡಿಗರು ಹೆಸರು ಕೇಳಿ, ಇದೇನು ನಮ್ಮ ಅರಸೀಕೆರೆ ಕಡೆಯ ಹಳ್ಳಿ ಇದ್ದ ಹಾಗಿದೆಯಲ್ಲ ಎಂದು ನಗುತ್ತಾರೆ. ಅಲ್ಲಿನ ಪಾರ್ಕಿನಲ್ಲಿ 1899ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ದೊಡ್ಡ ಬಂಗಲೆಯಿದೆ. ಕುದುರೆ ಸಾಕಿದ್ದ ಶ್ರೀಮಂತರ ಮನೆ ಅದು. ಮೊದಲ ಮಹಾಯುದ್ಧದ ನಂತರ ಸರ್ಕಾರ ಜಾಗವನ್ನು ಕೊಂಡು, ಯುದ್ಧದಿಂದ ಮನಸ್ಸು ಮುರಿದು ಬಂದ ಸೈನಿಕರಿಗೆ ಆಸ್ಪತ್ರೆ ಮಾಡಿತು. ಈಗ ಬಂಗಲೆಯಲ್ಲಿ ಚಿತ್ರಕಲೆಯ ಗ್ಯಾಲರಿ ಇದೆ. ಮಕ್ಕಳು ಸಣ್ಣವರಿದ್ದಾಗ ಅವರನ್ನು ಆಡಿಸಲು ನಾವು ಆ ಪಾರ್ಕಿಗೆ ಹೋಗುತ್ತಿದ್ದೆವು. ನಾಲ್ಕೈದು ವರ್ಷ ಹಾಗೆ ಹೋಗಿಬಂದ ಮೇಲೆ ನನಗೆ ತಿಳಿಯಿತು: ತಿಪಟೂರಿನಲ್ಲಿ ನನ್ನ ಚಿಕ್ಕಪ್ಪ ದಿನಾ ರಾತ್ರಿ ಊಟದ ಮೇಲೆ ನುಂಗುತ್ತಿದ್ದ ಬಿಳಿ ಮಾತ್ರೆಯ ಚರಿತ್ರೆ ಶುರುವಾದದ್ದು ಇದೇ ಆಸ್ಪತ್ರೆಯ ಆವರಣದಲ್ಲಿ.

ಚಿಕ್ಕಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಬಿಕಾಂ ಓದಿ ಸಿಎ ಮಾಡಿದ್ದು ಅವರ ಕಿರ್ದಿ ಪುಸ್ತಕ ನೋಡಿಯೇ. ಹೈಸ್ಕೂಲಿನ ಬೇಸಿಗೆ ರಜೆಯಲ್ಲಿ ಪಕ್ಕ ಕೂರಿಸಿಕೊಂಡು ಜಮಾ ಯಾವುದು, ಖರ್ಚು ಯಾವುದು, ಕಿರ್ದಿಯಿಂದ ಖಾತೆಗೆ ಹೇಗೆ ಎತ್ತಬೇಕು ಎಂದು ಕಲಿಸಿದರು. ಅವರಿಗೆ ಎರಡು ಕಾಲ ಇದ್ದವು. ಒಂದು ಕಾಲದಲ್ಲಿ ರಾತ್ರಿ ನಿದ್ದೆಯಿಲ್ಲ, ಊರಿಗೆಲ್ಲ ಹೋಳಿಗೆ ಊಟ, ಸಾಲ ಮಾಡಿ ಎರಡು ಟಿಲ್ಲರ್ ಖರೀದಿ, ಹಾಸನದಲ್ಲಿ ಎಣ್ಣೆ ಗಿರಣಿ ಹಾಕುವ ಯೋಜನೆ. ಇನ್ನೊಂದು ಕಾಲದಲ್ಲಿ ತಿಂಗಳುಗಟ್ಟಲೆ ಒಳಮನೆಯ ಕತ್ತಲೆ. ಬೆಂಗಳೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟ ಮೇಲೆ ಆರು ವರ್ಷ ಎರಡೂ ಕಾಲ ಹತೋಟಿಗೆ ಬಂದವು. ಆಮೇಲೆ ಕೈ ನಡುಗುತ್ತದೆ, ಅಂಕಿ ದುಂಡಗೆ ಬರುವುದಿಲ್ಲ ಎಂದು ತಾವೇ ಮಾತ್ರೆ ಬಿಟ್ಟರು. 1996ರ ಕಾರ್ತಿಕದಲ್ಲಿ ತಮ್ಮ ಜೀವ ತಾವೇ ತೆಗೆದುಕೊಂಡರು. ಮನೆಯಲ್ಲಿ ನೆಂಟರಿಗೆಲ್ಲ ಎದೆನೋವು ಅಂತ ಹೇಳಿದೆವು. ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದವರ ಮೇಲೆ ಪೊಲೀಸ್ ಕೇಸು ಹಾಕುತ್ತಿದ್ದ ಕಾಲ ಅದು. ಆ ಮಾತನ್ನು ಬಾಯಿಬಿಟ್ಟು ಆಡುವ ಧೈರ್ಯ ಯಾರಿಗೂ ಇರಲಿಲ್ಲ.

ಅಪ್ಪನಿಗೆ ಈಗ ಎಂಬತ್ತು. ಪ್ರತಿ ಭಾನುವಾರ ಫೋನು ಮಾಡುತ್ತೇನೆ. ವರ್ಷಕ್ಕೆ ಒಂದೆರಡು ಸಲವಾದರೂ ಮಾತು ಅಲ್ಲಿಗೆ ಹೋಗುತ್ತದೆ. "ನನಗೆ ಗೊತ್ತಾಗಬೇಕಿತ್ತು ಕಣೋ. ಮಂಗಳವಾರ ಬಂದು ಮಂಡಿ ಬೀಗದ ಕೈ ಕೊಟ್ಟು ಹೋದ. ಯಾವತ್ತೂ ಕೊಡದವನು." ಮಂಗಳವಾರದ ಬೀಗದ ಕೈ, ಬುಧವಾರ ಅರ್ಧ ಬಿಟ್ಟ ಊಟ, ಗುರುವಾರ ಮಗಳ ತಲೆ ಸವರಿದ್ದು. ಅಪ್ಪ ಈ ವಾರವನ್ನು ಇಷ್ಟು ವರ್ಷದಿಂದ ಆಡಿಟ್ ಮಾಡುತ್ತಲೇ ಇದ್ದಾರೆ. ನಾನು ಡಾಕ್ಟರಲ್ಲ. ಆದರೆ ಅಪ್ಪನ ಪ್ರಶ್ನೆಯನ್ನು ಹಿಡಿದುಕೊಂಡು ಹೋದಾಗ, ವೈದ್ಯಲೋಕವೂ ಅದೇ ಪ್ರಶ್ನೆಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಕೇಳಿಕೊಂಡಿದೆ ಎಂದು ಗೊತ್ತಾಯಿತು. ಆ ಚರಿತ್ರೆಯಲ್ಲಿ ಲೆಕ್ಕ ಬಲ್ಲವನೂ ಓದಬಹುದಾದ ಪುಟಗಳು ಬೇಕಾದಷ್ಟಿವೆ.

ಬುಂಡೂರಾದ ಬಂಗಲೆ ಎದ್ದ 1899ರಲ್ಲೇ ಜರ್ಮನಿಯ ಎಮಿಲ್ ಕ್ರೇಪಲಿನ್ ತನ್ನ ಪಠ್ಯಪುಸ್ತಕದ ಆರನೆಯ ಆವೃತ್ತಿಯಲ್ಲಿ ಉನ್ಮಾದವನ್ನೂ ಖಿನ್ನತೆಯನ್ನೂ ಒಂದೇ ಕಾಯಿಲೆಯ ಎರಡು ಮುಖ ಎಂದು ಸೇರಿಸಿ ಹೆಸರಿಟ್ಟ. ಅದಕ್ಕೆ ಎರಡು ವರ್ಷ ಮೊದಲು, 1897ರಲ್ಲಿ, ಫ್ರಾನ್ಸಿನ ಎಮಿಲ್ ದುರ್ಖೈಮ್ ಆತ್ಮಹತ್ಯೆಯ ಮೇಲೆ ಪುಸ್ತಕ ಬರೆದು, ಕಾರಣವನ್ನು ಒಬ್ಬೊಬ್ಬರ ತಲೆಯೊಳಗೆ ಹುಡುಕಬೇಡಿ, ಸಮಾಜದ ಕಟ್ಟು ಸಡಿಲವಾದಲ್ಲಿ ಹುಡುಕಿ ಎಂದ. ಇಬ್ಬರೂ ಎಮಿಲ್‌ಗಳೇ. ಅವರ ಹಾದಿಗಳು ಬಹಳ ಕಾಲ ಒಂದನ್ನೊಂದು ಮುಟ್ಟಲಿಲ್ಲ.

ಬುಂಡೂರಾದ ಡಾಕ್ಟರು ಜಾನ್ ಕೇಡ್. ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರ ಬಿದ್ದಾಗ ಜಪಾನೀಯರ ಕೈಗೆ ಸಿಕ್ಕಿ ಮೂರೂವರೆ ವರ್ಷ ಚಾಂಗಿ ಸೆರೆಶಿಬಿರದಲ್ಲಿದ್ದವರು. ಕೆಲವು ಕೈದಿಗಳ ಮನಸ್ಸಿನ ಏರುಪೇರಿಗೆ ದೇಹದಲ್ಲೇ ಏನೋ ಕಾರಣ ಇರಬೇಕು ಎಂಬ ಗುಮಾನಿ ಅವರಿಗೆ ಬಂದದ್ದು ಅಲ್ಲಿ. ವಾಪಸು ಬಂದು ಆಸ್ಪತ್ರೆಯ ಬಳಕೆ ಬಿಟ್ಟ ಉಗ್ರಾಣದ ಕೋಣೆಯಲ್ಲಿ ಕೆಲಸ ಶುರುಮಾಡಿದರು. ರೋಗಿಗಳ ಮೂತ್ರದ ಸೀಸೆಗಳನ್ನು ಮನೆಯ ಫ್ರಿಜ್ಜಿನಲ್ಲಿ ಇಟ್ಟಿದ್ದರಂತೆ. ಅವರ ಹೆಂಡತಿಯ ತಾಳ್ಮೆಯ ಬಗ್ಗೆ ಯಾರಾದರೂ ಬೇರೆ ಪ್ರಬಂಧ ಬರೆಯಬೇಕು. ಉನ್ಮಾದದ ವಿಷ ಮೂತ್ರದಲ್ಲಿ ಹೋಗುತ್ತಿರಬಹುದು ಎಂಬುದು ಅವರ ಊಹೆ. ಊಹೆ ತಪ್ಪಾಗಿತ್ತು. ಆದರೆ ಪ್ರಯೋಗಕ್ಕೆಂದು ಯೂರಿಕ್ ಆಮ್ಲವನ್ನು ಕರಗಿಸಲು ಬಳಸಿದ ಲಿಥಿಯಂ ಲವಣ ಗಿನಿಪಿಗ್‌ಗಳನ್ನು ಮಂಕಾಗಿಸಿ ಮಲಗಿಸಿತು. ಅದನ್ನು ಮೊದಲು ತಾವೇ ನುಂಗಿ ನೋಡಿದರು. ಆಮೇಲೆ 1948ರ ಮಾರ್ಚ್ 29ರಂದು, ಐದು ವರ್ಷದಿಂದ ಉನ್ಮಾದ ಇಳಿಯದಿದ್ದ 51 ವರ್ಷದ ರೋಗಿಯೊಬ್ಬನಿಗೆ ಕೊಟ್ಟರು. ಆತ ಜುಲೈನಲ್ಲಿ ಮನೆಗೆ ಹೋಗಿ ಹಳೆಯ ಕೆಲಸಕ್ಕೆ ಸೇರಿಕೊಂಡ. 1949ರ ಸೆಪ್ಟೆಂಬರಿನಲ್ಲಿ ಕೇಡ್ ಹತ್ತು ಉನ್ಮಾದ ರೋಗಿಗಳ ವಿವರವನ್ನು ಪ್ರಕಟಿಸಿದರು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚಂದದ ಕತೆ. ಆದರೆ ಮನೆಗೆ ಹೋದ ಆ ಮೊದಲ ರೋಗಿ ಚೆನ್ನಾಗಿದ್ದೇನೆಂದು ಔಷಧಿ ಬಿಟ್ಟ, ಕಾಯಿಲೆ ಮರಳಿತು, ಮತ್ತೆ ಲಿಥಿಯಂ ಕೊಟ್ಟರು, 1950ರಲ್ಲಿ ಅದೇ ಲಿಥಿಯಂನ ನಂಜೇರಿ ತೀರಿಕೊಂಡ. ಗುಣ ಮಾಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ರಕ್ತದಲ್ಲಿ ಎಷ್ಟಿದೆ ಎಂದು ಅಳೆದು ಕೊಡುವ ಕ್ರಮವನ್ನು ಕೂರಿಸಿದ್ದು ಮೆಲ್ಬರ್ನಿನವರೇ ಆದ ಟ್ರಾಟ್ನರ್ ಮತ್ತು ಸಂಗಡಿಗರು. ಡೆನ್ಮಾರ್ಕಿನ ಮೋಗೆನ್ಸ್ ಶೌ ಅದನ್ನು ಪರೀಕ್ಷೆಗಳಿಂದ ಗಟ್ಟಿ ಮಾಡಿದರು. ಅವರ ಸ್ವಂತ ತಮ್ಮನಿಗೇ ಮರುಕಳಿಸುವ ಖಿನ್ನತೆ ಇತ್ತು. ಅಮೆರಿಕ ಒಪ್ಪಿಕೊಂಡದ್ದು 1970ರಲ್ಲಿ. ಚಿಕ್ಕಪ್ಪ ಮೂರು ತಿಂಗಳಿಗೊಮ್ಮೆ ಬಸ್ಸು ಹತ್ತಿ ರಕ್ತ ಕೊಟ್ಟು ಬರುತ್ತಿದ್ದದ್ದು ಏಕೆ ಎಂದು ನನಗೆ ಅರ್ಥವಾಗಲು ಬುಂಡೂರಾಕ್ಕೆ ಬರಬೇಕಾಯಿತು.

ಇತ್ತ, ಅಪ್ಪನ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಅಮೆರಿಕದ ಸೇಂಟ್ ಲೂಯಿಸ್‌ನ ಎಲೈ ರಾಬಿನ್ಸ್ ಮತ್ತು ಅವರ ಗುಂಪು. ಆ ನಗರದಲ್ಲಿ 1950ರ ದಶಕದಲ್ಲಿ ಒಂದು ವರ್ಷ ನಡೆದ 134 ಆತ್ಮಹತ್ಯೆಗಳನ್ನು ತೆಗೆದುಕೊಂಡು, ಸತ್ತವರ ಮನೆಯವರನ್ನು, ಗೆಳೆಯರನ್ನು ಕೂತು ಮಾತಾಡಿಸಿದರು. 1959ರಲ್ಲಿ ಫಲಿತಾಂಶ ಹೊರಬಂತು. ಬಹುತೇಕ ಎಲ್ಲರಿಗೂ ಯಾವುದೋ ಮಾನಸಿಕ ಕಾಯಿಲೆ ಇತ್ತು, ಹೆಚ್ಚಿನವರಿಗೆ ಖಿನ್ನತೆ-ಉನ್ಮಾದ ಅಥವಾ ಕುಡಿತ. ಇನ್ನೊಂದು ಸಂಗತಿ ನಮ್ಮೂರಿನ ಕಟ್ಟೆಮಾತಿಗೆ ನೇರ ಉತ್ತರದಂತಿದೆ. "ಸಾಯ್ತೀನಿ ಅನ್ನೋರು ಸಾಯಲ್ಲ" ಎನ್ನುತ್ತೇವಲ್ಲ? ಆ 134 ಮಂದಿಯಲ್ಲಿ ಸುಮಾರು 69%ರಷ್ಟು ಜನ ಮೊದಲೇ ಯಾರಿಗಾದರೂ ಹೇಳಿದ್ದರು, ಹಲವರು ಒಬ್ಬರಿಗಿಂತ ಹೆಚ್ಚು ಜನಕ್ಕೆ.

ಹಾಗಾದರೆ ಕಾಯಿಲೆ ಇದ್ದರೆ ಅಪಾಯ ಎಂದು ಬರೆದು ಪುಸ್ತಕ ಮುಚ್ಚಬಹುದೇ? ಆಗುವುದಿಲ್ಲ, ಏಕೆಂದರೆ ಖಿನ್ನತೆ ಇರುವವರಲ್ಲಿ ಬಹುಪಾಲು ಜನ ಬದುಕುತ್ತಾರೆ. ಒಂದೇ ಕಾಯಿಲೆ, ಒಂದೇ ತೂಕ. ಒಬ್ಬರು ಉಳಿಯುತ್ತಾರೆ, ಇನ್ನೊಬ್ಬರು ಹೋಗುತ್ತಾರೆ. ವ್ಯತ್ಯಾಸ ಎಲ್ಲಿದೆ? ಮಿದುಳಿನಲ್ಲೋ, ಸ್ವಭಾವದಲ್ಲೋ?

ಮಿದುಳಿನಲ್ಲಿ ಎಂದು ಮೊದಲು ಜೋರಾಗಿ ಹೇಳಿದವರು ಸ್ಟಾಕ್‌ಹೋಮಿನ ಮರಿ ಓಸ್‌ಬೆರ್ಗ್. ಮಿದುಳು ಸಿರೊಟೋನಿನ್ ಎಂಬ ರಾಸಾಯನಿಕವನ್ನು ಬಳಸಿದಾಗ ಕೊನೆಗೆ ಒಂದು ಶೇಷ ಉಳಿದು ಬೆನ್ನುಹುರಿಯ ದ್ರವಕ್ಕೆ ಸೇರುತ್ತದೆ. ನಮ್ಮ ಭಾಷೆಯಲ್ಲಿ ಅದು ವೋಚರು. ತಿಜೋರಿಯೊಳಗೆ ಕಣ್ಣು ಹಾಕಲು ಆಗದಿದ್ದರೂ ಖರ್ಚಿನ ವೋಚರು ಎಣಿಸಿ ವ್ಯವಹಾರ ಎಷ್ಟು ನಡೆದಿದೆ ಎಂದು ಹೇಳಬಹುದು. ಖಿನ್ನತೆಯ 68 ರೋಗಿಗಳಲ್ಲಿ ಓಸ್‌ಬೆರ್ಗ್ ಈ ಶೇಷವನ್ನು ಅಳೆದರು. ಕಡಿಮೆ ಇದ್ದ 20 ಜನರಲ್ಲಿ 8 ಮಂದಿ ಆತ್ಮಹತ್ಯೆಗೆ ಯತ್ನಿಸಿದ್ದರು. ಹೆಚ್ಚಿದ್ದ 48ರಲ್ಲಿ 7 ಮಂದಿ. 1976ರಲ್ಲಿ ಪ್ರಕಟವಾದ ಆ ಲೇಖನದ ಶೀರ್ಷಿಕೆಯ ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಆ ಚಿಹ್ನೆಗಾಗಿ ನನಗೆ ಆಕೆಯ ಮೇಲೆ ಗೌರವ.

ಪ್ರಶ್ನೆ ಬೇಗನೆ ಬೇರೆ ದಿಕ್ಕಿಗೆ ಹೊರಳಿತು. 1979ರಲ್ಲಿ ಅಮೆರಿಕದ ಸೇನೆಯವರಲ್ಲಿ, 1983ರಲ್ಲಿ ಫಿನ್ಲೆಂಡಿನ ಅಪರಾಧಿಗಳಲ್ಲಿ ಇದೇ ಶೇಷವನ್ನು ಅಳೆದಾಗ, ಮುಂಗೋಪದಲ್ಲಿ ಕೈ ಮಾಡುವ, ಹಿಂದೆಮುಂದೆ ನೋಡದೆ ನುಗ್ಗುವವರಲ್ಲೂ ಅದು ಕಡಿಮೆ ಇತ್ತು. ಅಂದರೆ ಆ ಅಂಕಿ ದುಃಖದ ಆಳ ಹೇಳುತ್ತಿರಲಿಲ್ಲ, ತಡೆದುಕೊಳ್ಳುವ ಶಕ್ತಿಯ ಬಗ್ಗೆ ಏನನ್ನೋ ಹೇಳುತ್ತಿತ್ತು. ಆತ್ಮಹತ್ಯೆಯಿಂದ ತೀರಿಕೊಂಡವರ ಮಿದುಳುಗಳನ್ನು ಪರೀಕ್ಷಿಸಿದ ಜಾನ್ ಮ್ಯಾನ್ ಮೊದಲಾದವರಿಗೂ ಹಣೆಯ ಹಿಂದೆ, ಕಣ್ಣುಗಳಿಗೆ ತುಸು ಮೇಲಿನ ಭಾಗದಲ್ಲಿ ಸಿರೊಟೋನಿನ್ ವ್ಯವಸ್ಥೆಯ ವ್ಯತ್ಯಾಸ ಕಂಡಿತು. ಮನಸ್ಸಿಗೆ ಬಂದದ್ದನ್ನು ಕೈ ಮಾಡದಂತೆ ಹಿಡಿಯುವ ಕೆಲಸದಲ್ಲಿ ಪಾಲಿರುವ ಜಾಗ ಅದು.

ಮ್ಯಾನ್ ಮತ್ತು ಸಂಗಡಿಗರು 1999ರಲ್ಲಿ ಬರೆದ ಲೇಖನವನ್ನು ನಾನು ಎರಡು ಸಲ ಓದಿದ್ದೇನೆ. ಆಸ್ಪತ್ರೆಗೆ ದಾಖಲಾದ 347 ರೋಗಿಗಳನ್ನು ನೋಡಿದಾಗ, ಹಿಂದೆ ಯತ್ನಿಸಿದವರನ್ನೂ ಯತ್ನಿಸದವರನ್ನೂ ಬೇರ್ಪಡಿಸಿದ್ದು ಡಾಕ್ಟರು ಅಳೆದ ಕಾಯಿಲೆಯ ತೀವ್ರತೆ ಅಲ್ಲ. ಅದು ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ. ಯತ್ನಿಸಿದವರಲ್ಲಿ ಹತಾಶೆ ಹೆಚ್ಚು, ತಮ್ಮ ಕಷ್ಟ ತಮಗೇ ದೊಡ್ಡದಾಗಿ ಕಾಣುವುದು ಹೆಚ್ಚು, ದುಡುಕು ಮತ್ತು ಸಿಟ್ಟಿನ ಸ್ವಭಾವ ಹೆಚ್ಚು, ಬದುಕಲು ಇರುವ ಕಾರಣಗಳು ಕಡಿಮೆ. ಕಾಯಿಲೆಯೋ ಕಷ್ಟವೋ ಬೆಂಕಿ ಹಚ್ಚುತ್ತದೆ. ಆದರೆ ಹತ್ತಿಕೊಳ್ಳುವ ಗುಣ ಮೊದಲೇ ಒಳಗಿರಬೇಕು, ಅದು ಅಷ್ಟಿಷ್ಟು ವಂಶದಿಂದ, ಅಷ್ಟಿಷ್ಟು ಬಾಲ್ಯದಿಂದ ಬಂದಿರುತ್ತದೆ ಎಂಬುದು ಅವರ ಸಿದ್ಧಾಂತ. ಇದನ್ನು ಓದುವಾಗ ಚಿಕ್ಕಪ್ಪನ ಮುಖ ಎದುರಿಗಿತ್ತು. ಒಂದು ಸಂಜೆ ಅಡಾವೆಯಲ್ಲಿ ಹದಿನೇಳು ರೂಪಾಯಿ ತಾಳೆಯಾಗಲಿಲ್ಲವೆಂದು ಹೊಸ ಲೆಡ್ಜರನ್ನೇ ಹರಿದು ಹಾಕಿದ್ದರು. ಮಾರನೆಯ ದಿನ ಕೂತು ಅಷ್ಟೂ ಪುಟವನ್ನು ಮುತ್ತಿನಂಥ ಅಕ್ಷರದಲ್ಲಿ ಮತ್ತೆ ಬರೆದರು. ನಾವು ನಕ್ಕಿದ್ದೆವು.

ಹತಾಶೆಯನ್ನು ಅಳೆಯುವ ಪಟ್ಟಿ ಮಾಡಿದವರು ಫಿಲಡೆಲ್ಫಿಯಾದ ಆರನ್ ಬೆಕ್. ಮುಂದಿನ ದಿನಗಳ ಬಗ್ಗೆ 20 ವಾಕ್ಯ, ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು ಹಾಕಬೇಕು. 1990ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 1,958 ಹೊರರೋಗಿಗಳಿದ್ದರು. ಅವರಲ್ಲಿ ಆಮೇಲೆ 17 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಪಟ್ಟಿ 16 ಮಂದಿಯನ್ನು ಮೊದಲೇ ಹಿಡಿದಿತ್ತು. ಹದಿನೇಳಕ್ಕೆ ಹದಿನಾರು! ಯಾವ ಆಡಿಟರಿಗೂ ಇಂಥ ಸಾಧನ ಸಿಕ್ಕಿಲ್ಲ ಎಂದುಕೊಂಡೆ. ಆಮೇಲೆ ಅಭ್ಯಾಸಬಲದಿಂದ ಇನ್ನೊಂದು ಕಾಲಂ ನೋಡಿದೆ. ಅಷ್ಟೇ ಹತಾಶೆಯ ಅಂಕ ಪಡೆದೂ ಬದುಕಿ ಉಳಿದವರು ನೂರಾರು ಜನ.

ಆ ಇನ್ನೊಂದು ಕಾಲಂ ಅನ್ನೇ ಪೂರ್ತಿ ಬರೆದು ತೋರಿಸಿದವರು ಟೆಕ್ಸಾಸಿನ ಹ್ಯೂಸ್ಟನ್ನಿನ ಅಲೆಕ್ಸ್ ಪೊಕೊರ್ನಿ. ಮಾಜಿ ಸೈನಿಕರ ಆಸ್ಪತ್ರೆಗೆ ಸಾಲಾಗಿ ದಾಖಲಾದ 4,800 ಮನೋರೋಗಿಗಳನ್ನು ಆಗ ಗೊತ್ತಿದ್ದ ಎಲ್ಲ ಪಟ್ಟಿ, ಎಲ್ಲ ಪ್ರಶ್ನೆಗಳಿಂದ ಪರೀಕ್ಷಿಸಿ, ವರ್ಷಗಟ್ಟಲೆ ಹಿಂಬಾಲಿಸಿದರು. 67 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಕೊನೆಗೆ ಇದ್ದಬದ್ದ ಅಂಕಿಯನ್ನೆಲ್ಲ ಸೇರಿಸಿ, ಯಾರು ಹೋಗುತ್ತಾರೆಂದು ಅತ್ಯುತ್ತಮವಾಗಿ ಹೇಳುವ ಸೂತ್ರ ಹೆಣೆದರು. 1983ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಸೂತ್ರ ಸರಿಯಾಗಿ ಗುರುತಿಸಿದ್ದು 67ರಲ್ಲಿ 35 ಮಂದಿಯನ್ನು. ಉಳಿದ 32 ಮಂದಿ ಅದರ ಕಣ್ಣಿಗೆ ಬೀಳಲೇ ಇಲ್ಲ. ಆ 35 ಮಂದಿಯ ಜೊತೆಗೆ ಸೂತ್ರ ಇನ್ನೂ 1,206 ಜನರ ಹೆಸರನ್ನು ಅಪಾಯದ ಪಟ್ಟಿಗೆ ಹಾಕಿತ್ತು. ಅವರು ಯಾರೂ ಹಾಗೆ ಸಾಯಲಿಲ್ಲ.

ಕ್ಯಾಲ್ಕುಲೇಟರ್ ಬೇಡ, ಬಾಯಿಲೆಕ್ಕ ಸಾಕು. 1,241 ಹೆಸರಿನ ಪಟ್ಟಿಯಲ್ಲಿ 35. ನೂರಕ್ಕೆ ಮೂರೂ ಇಲ್ಲ. ಅದೂ ಫಲಿತಾಂಶ ಗೊತ್ತಾದ ಮೇಲೆ ಅದಕ್ಕೆ ಹೊಂದಿಸಿ ಹೆಣೆದ ಸೂತ್ರ. ವಿಜ್ಞಾನಿಗಳು ದಡ್ಡರಾಗಿರಲಿಲ್ಲ. ಹುಡುಕುತ್ತಿರುವ ಸಂಗತಿ ಅಪರೂಪದ್ದಾದಾಗ, ಎಂಥ ಚೂಪಾದ ಜರಡಿ ಹಿಡಿದರೂ ಅದರಲ್ಲಿ ಉಳಿಯುವುದು ಬಹುಪಾಲು ತಪ್ಪು ಹೆಸರುಗಳೇ. 2017ರಲ್ಲಿ ಜೋಸೆಫ್ ಫ್ರಾಂಕ್ಲಿನ್ ಮತ್ತು ಸಂಗಡಿಗರು 50 ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಈ ಭವಿಷ್ಯ ಹೇಳುವ ಕೆಲಸ ನಾಣ್ಯ ಚಿಮ್ಮುವುದಕ್ಕಿಂತ ಸ್ವಲ್ಪವೇ ಮೇಲಿತ್ತು. ಐವತ್ತು ವರ್ಷದಲ್ಲಿ ಅದು ಸುಧಾರಿಸಿಯೂ ಇರಲಿಲ್ಲ.

ನನ್ನ ಕಸುಬಿನಲ್ಲಿ ಇದರ ರುಚಿ ನೋಡಿದ್ದೇನೆ. ಒಂದು ಸಂಸ್ಥೆ ಮುಂದಿನ ಹನ್ನೆರಡು ತಿಂಗಳು ಬದುಕುತ್ತದೆಯೇ ಎಂದು ಆಡಿಟರು ಅಭಿಪ್ರಾಯ ಬರೆಯಬೇಕು. ಬಹಳ ವರ್ಷದ ಹಿಂದೆ ನಾನಿದ್ದ ತಂಡ ಬದುಕುತ್ತದೆ ಎಂದು ಬರೆದ ಒಂದು ಕಂಪನಿ ಐದು ತಿಂಗಳಲ್ಲಿ ಬಾಗಿಲು ಹಾಕಿತು. ವಿಚಾರಣೆಗೆ ಬಂದವರು ನಮ್ಮ ಕಡತ ತೆಗೆದು ಒಂದೊಂದೇ ಹಾಳೆಯ ಮೇಲೆ ಬೆರಳಿಟ್ಟರು. ಬ್ಯಾಂಕಿನವರ ಈ ಪತ್ರ, ತಡವಾದ ಈ ಪಾವತಿ, ಬಿಟ್ಟುಹೋದ ಈ ಮ್ಯಾನೇಜರು, ಇದೆಲ್ಲ ಕಾಣಲಿಲ್ಲವೇ? ಕಂಡಿತ್ತು. ನಮ್ಮ ಕಪಾಟಿನಲ್ಲಿದ್ದ ಇನ್ನೂ ನಲವತ್ತು ಕಡತಗಳಲ್ಲೂ ಅದೇ ಪತ್ರ, ಅದೇ ತಡವಾದ ಪಾವತಿ ಇದ್ದವು, ಆ ಕಂಪನಿಗಳು ಇವತ್ತಿಗೂ ನಡೆಯುತ್ತಿವೆ. ಮುಳುಗಿದ ಮೇಲೆ ಬಿರುಕು ಹುಡುಕುವುದು ಸುಲಭ. ಚಿಕ್ಕಪ್ಪ ಬೀಗದ ಕೈ ಕೊಟ್ಟ ಆ ಮಂಗಳವಾರ ತಿಪಟೂರಿನ ಎಷ್ಟು ಮಂಡಿಗಳಲ್ಲಿ ಎಷ್ಟು ಗುಮಾಸ್ತರು ಅಣ್ಣನ ಕೈಗೆ ಬೀಗದ ಕೈ ಕೊಟ್ಟಿರಬಹುದು!

ಹಾಗಾದರೆ ಏನೂ ಮಾಡಲಾಗದು ಎಂದಲ್ಲ. ಚರಿತ್ರೆಯ ಈ ಭಾಗವೇ ನನಗೆ ಹೆಚ್ಚು ಇಷ್ಟ, ಏಕೆಂದರೆ ಯಾರು ಹೋಗುತ್ತಾರೆ ಎಂದು ತಿಳಿಯದೆಯೇ ಸಾವು ಕಡಿಮೆ ಮಾಡಲು ಹೊರಟವರ ಭಾಗ ಇದು. ಲಿಥಿಯಂನದ್ದೇ ನೋಡಿ. ಮನಃಸ್ಥಿತಿಯ ಕಾಯಿಲೆಗಳಿಗೆ ಅದನ್ನು ಕೊಟ್ಟ 48 ಪರೀಕ್ಷೆಗಳನ್ನು, 6,674 ರೋಗಿಗಳನ್ನು ಆಕ್ಸ್‌ಫರ್ಡಿನ ಆಂಡ್ರಿಯಾ ಚಿಪ್ರಿಯಾನಿ ಮತ್ತಿತರರು 2013ರಲ್ಲಿ ಒಟ್ಟು ಮಾಡಿ ನೋಡಿದಾಗ, ಸುಳ್ಳು ಮಾತ್ರೆಗಿಂತ ಲಿಥಿಯಂ ತಿಂದವರಲ್ಲಿ ಆತ್ಮಹತ್ಯೆ ಕಡಿಮೆ ಇತ್ತು. ಅದು ಹೇಗೆ ಎಂಬುದರ ಬಗ್ಗೆ ಒಂದು ಊಹೆ, ದುಡುಕನ್ನೂ ಸಿಟ್ಟನ್ನೂ ತಗ್ಗಿಸುತ್ತದೆ ಎಂಬುದು. ಕೊನೆಯ ಮಾತು ಎಂದು ತಿಳಿಯಬೇಡಿ. ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದ, 519 ಜನರಿದ್ದ ಇನ್ನೊಂದು ಪರೀಕ್ಷೆ ವ್ಯತ್ಯಾಸ ಕಾಣದೆ ಅರ್ಧಕ್ಕೇ ನಿಂತ ವರದಿ 2021ರಲ್ಲಿ ಬಂತು. ಆದರೂ ಮಾತ್ರೆಯನ್ನು ತಾನಾಗಿ ಒಮ್ಮೆಲೇ ಬಿಡಬಾರದು ಎಂಬ ವಿಷಯದಲ್ಲಿ ಡಾಕ್ಟರರಲ್ಲಿ ಭಿನ್ನಾಭಿಪ್ರಾಯ ಇಲ್ಲ. ಕೈ ನಡುಕಕ್ಕೆ ಪ್ರಮಾಣ ತಗ್ಗಿಸುವ ದಾರಿ ಇತ್ತು ಎಂದು ನಮಗೆ ಯಾರಾದರೂ ಹೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದ ಜೆರೋಮ್ ಮೋಟೋ ಇದಕ್ಕಿಂತ ಸರಳ ಕೆಲಸ ಮಾಡಿದರು. 1969ರಿಂದ ಅವರು ಖಿನ್ನತೆ ಅಥವಾ ಆತ್ಮಹತ್ಯೆಯ ಯೋಚನೆಯಿಂದ ಆಸ್ಪತ್ರೆ ಸೇರಿ, ಮನೆಗೆ ಹೋದ ಮೇಲೆ ಚಿಕಿತ್ಸೆ ಮುಂದುವರಿಸಲು ಒಪ್ಪದ 843 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷದಲ್ಲಿ 24 ಪುಟ್ಟ ಪತ್ರ ಹೋದವು. ಹೇಗಿದ್ದೀರಿ, ನಿಮ್ಮ ನೆನಪಿದೆ, ಮನಸ್ಸಾದರೆ ಬರೆಯಿರಿ ಎಂಬಷ್ಟೇ ಅರ್ಥದ ಎರಡು ಮೂರು ಸಾಲು. ಔಷಧಿ ತಗೊಂಡಿರಾ, ಆಸ್ಪತ್ರೆಗೆ ಯಾವಾಗ ಬರುತ್ತೀರಿ ಎಂಬ ಒತ್ತಾಯ ಇಲ್ಲ. ಪತ್ರ ಬಂದವರಲ್ಲಿ ಮೊದಲ ಎರಡು ವರ್ಷ ಆತ್ಮಹತ್ಯೆ ಸ್ಪಷ್ಟವಾಗಿ ಕಡಿಮೆ ಇತ್ತು. ಆಮೇಲೆ ಅಂತರ ಕರಗುತ್ತಾ ಬಂತು. ನಮ್ಮ ಆಸ್ಟ್ರೇಲಿಯಾದ ನ್ಯೂಕಾಸಲ್‌ನಲ್ಲೂ 772 ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ವರ್ಷದಲ್ಲಿ ಎಂಟು ಪೋಸ್ಟ್‌ಕಾರ್ಡು ಕಳಿಸಿ ನೋಡಿದರು. 2005ರ ವರದಿಯ ಪ್ರಕಾರ ಮತ್ತೆ ಯತ್ನಿಸಿದವರ ತಲೆಸಂಖ್ಯೆ ಹೆಚ್ಚೇನೂ ಇಳಿಯಲಿಲ್ಲ, ಆದರೆ ಒಟ್ಟು ಯತ್ನಗಳು ಸುಮಾರು ಅರ್ಧಕ್ಕೆ ಇಳಿದವು. ಮೋಟೋ ಗುಂಪು ಮಾಡುವಾಗ ಯಾರು ಸಾಯುತ್ತಾರೆಂದು ಲೆಕ್ಕ ಹಾಕಲಿಲ್ಲ. ಪಟ್ಟಿಯಲ್ಲಿದ್ದ ಎಲ್ಲರಿಗೂ ಅಂಚೆಚೀಟಿ ಅಂಟಿಸಿದರು.

ಇಲ್ಲಿ ಒಂದು ಜಮಾ ಆಗದ ಬಾಬ್ತು ನನ್ನದೂ ಇದೆ. ಆ ವರ್ಷದ ಗಣಪತಿ ಹಬ್ಬ ಕಳೆದ ಮೇಲೆ ಬೆಂಗಳೂರಿನ ಹಾಸ್ಟೆಲಿಗೆ ಚಿಕ್ಕಪ್ಪನಿಂದ ಒಂದು ಇನ್‌ಲ್ಯಾಂಡ್ ಲೆಟರ್ ಬಂದಿತ್ತು. ಕಾಲೇಜಿನಲ್ಲಿ ಸವಕಳಿಯ ಲೆಕ್ಕ ಹೇಗೆ ಹೇಳಿಕೊಡುತ್ತಾರೆ, ಮಂಡಿಯ ತಕ್ಕಡಿಗೆ ಎಷ್ಟು ಹಾಕಬೇಕು ಎಂದು ಕೇಳಿದ್ದರು. ದೀಪಾವಳಿಗೆ ಹೋದಾಗ ಹೇಳಿದರಾಯಿತು ಎಂದುಕೊಂಡೆ. ಉತ್ತರ ಬರೆದಿದ್ದರೆ ಬದುಕುತ್ತಿದ್ದರು ಎನ್ನುವ ಹುಚ್ಚು ನನಗಿಲ್ಲ, ಮೋಟೋ ಅವರ ಅಂಕಿಗಳೂ ಹಾಗೆ ಹೇಳುವುದಿಲ್ಲ. ಉತ್ತರ ಬರೆಯಲಿಲ್ಲ, ಅಷ್ಟೇ.

ಊರಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಡಾ. ಗುರುರಾಜ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 269 ಜನರ ಬದುಕನ್ನು ಅಷ್ಟೇ ಸಂಖ್ಯೆಯ ಇತರರ ಜೊತೆ ಹೋಲಿಸಿ 2004ರಲ್ಲಿ ಪ್ರಕಟಿಸಿದರು. ಹಿಂದಿನ ಯತ್ನ, ಮನೆಯೊಳಗಿನ ಜಗಳ, ಕುಡಿತ, ಮಾನಸಿಕ ಕಾಯಿಲೆ, ಹೊಡೆತ ಬಡಿತ, ಕೆಲಸ ಇಲ್ಲದಿರುವುದು, ಇವುಗಳ ನಡುವೆ ನನ್ನ ಕಣ್ಣು ನಿಂತದ್ದು ದಿಢೀರನೆ ಎರಗುವ ಆರ್ಥಿಕ ದಿವಾಳಿಯ ಮೇಲೆ. ಸಮಾಜದಲ್ಲಿ ಹುಡುಕಿ ಎಂದ ದುರ್ಖೈಮನೂ ಕಾಯಿಲೆಗೆ ಹೆಸರಿಟ್ಟ ಕ್ರೇಪಲಿನನೂ ಆ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿದ್ದಾರೆ. ಎರಡು ಟಿಲ್ಲರಿನ ಸಾಲ ಕಾಯಿಲೆಯ ಖಾತೆಗೆ ಹೋಗಬೇಕೋ ದಿವಾಳಿಯ ಖಾತೆಗೋ ನನಗೆ ತಿಳಿಯದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದಾಗಿದೆ. ಊರಿನಲ್ಲಿ 14416ಕ್ಕೆ, ಇಲ್ಲಿ ಆಸ್ಟ್ರೇಲಿಯಾದಲ್ಲಿ 13 11 14ಕ್ಕೆ ಯಾವ ಹೊತ್ತಿನಲ್ಲಾದರೂ ಫೋನು ಮಾಡಬಹುದು. ಕಷ್ಟದಲ್ಲಿರುವವರೇ ಮಾಡಬೇಕೆಂದಿಲ್ಲ, ಅವರ ಅಣ್ಣನೂ ಮಾಡಬಹುದು.

ಹೋದ ತಿಂಗಳು ಅಪ್ಪನಿಗೆ ಪೊಕೊರ್ನಿಯ ಲೆಕ್ಕ ಹೇಳಿದೆ. ಅವರು ಎಸ್ಸೆಸ್ಸೆಲ್ಸಿ ಓದಿದವರು, ಆದರೆ ತೂಕ ಅಳತೆಯಲ್ಲಿ ಪಕ್ಕಾ. ದೊಡ್ಡ ದೊಡ್ಡ ಡಾಕ್ಟರರು, ವರ್ಷಗಟ್ಟಲೆ ಕಣ್ಣಿಟ್ಟು ಕಾದವರು, ಅವರಿಗೇ ಅರ್ಧದಷ್ಟು ಜನ ಗೊತ್ತಾಗಲಿಲ್ಲ ಅಪ್ಪಾ, ನಿಮಗೆ ಮಂಗಳವಾರ ಒಂದು ಬೀಗದ ಕೈಯಿಂದ ಹೇಗೆ ಗೊತ್ತಾಗಬೇಕಿತ್ತು ಎಂದು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಕಡೆ ಟಿವಿಯ ಸದ್ದು ಕೇಳುತ್ತಿತ್ತು.

"ಆ ಇನ್ನೊಂದು ಸಂಖ್ಯೆ ಎಷ್ಟು ಅಂದೆ?"

"1,206."

"ಅವರು ಸಾಯ್ತಾರೆ ಅಂತ ಬರೆದಿದ್ದರು."

"ಹೂಂ, ಬರೆದಿದ್ದರು. ಅದನ್ನೇ ತಪ್ಪು ಲೆಕ್ಕ ಅನ್ನೋದು."

"ಅವರೆಲ್ಲ ಮನೆಗೆ ಹೋದರಾ?"

"ಹೋದರು ಅಪ್ಪಾ."

"ಅಷ್ಟೂ ಜನ?"

"ಅಷ್ಟೂ ಜನ."

ಅಪ್ಪ ಇನ್ನೊಂದು ಸಲ ಸಂಖ್ಯೆ ಕೇಳಿದರು. ಕ್ಯಾಲೆಂಡರಿನ ಮೂಲೆಯಲ್ಲಿ ಬರೆದುಕೊಂಡರೆಂದು ಆಮೇಲೆ ಅಮ್ಮ ಹೇಳಿದಳು.